ತವರಿನ ಬೇವಿನ ಕಸಿ

ಗೋಪಮ್ಮನ ಕೈಗುಣದ ಬಗ್ಗೆ ರಾಯಚೂರಿನ ಆ ಸಂಶೋಧನಾ ನರ್ಸರಿಯಲ್ಲಿ ಎರಡು ಮಾತಿರಲಿಲ್ಲ. ಗಂಡನೂರು ಮಾನ್ವಿಯಿಂದ ಕಳೆ ಕೀಳುವ ಕೂಲಿಗೆ ಬಂದವಳು, ಕಸಿ ಕಟ್ಟುವವರ ಬೆನ್ನ ಹಿಂದೆ ನಿಂತು ನೋಡಿ ನೋಡಿಯೇ ವಿದ್ಯೆ ಕಲಿತಳು. ಸಹಿ ಹಾಕಲು ಬಾರದು. ಆದರೆ ಹೆಬ್ಬೆರಳಿನ ಉಗುರಿನಿಂದ ತೊಗಟೆ ಗೀರಿ, ಯಾವ ಕಡ್ಡಿಯಲ್ಲಿ ಜೀವವಿದೆ, ಯಾವುದು ಬರೀ ಹಸಿರು ತೋರಿಸಿ ಮೋಸ ಮಾಡುತ್ತಿದೆ ಎಂದು ಹೇಳಿಬಿಡುತ್ತಿದ್ದಳು.

ಅವಳಿಗೊಂದು ಚಾಳಿಯಿತ್ತು. ಎರಡು ಮೂರು ತಿಂಗಳಿಗೊಮ್ಮೆ ರಜೆ ಹಾಕಿ ದೇವದುರ್ಗದ ಸಂತೆಗೆ ಹೋಗುವಳು.

"ಅಲ್ಲಬೇ, ರಾಯಚೂರಾಗ ಇಲ್ಲದ ಬದನಿಕಾಯಿ ದೇವದುರ್ಗದಾಗ ಏನದಾವ? ಬಂಗಾರದ್ದೇನು?" ಎಂದು ಜೊತೆಗಾತಿ ಹೀರಾಬಿ ಕೆಣಕುವಳು.

"ಹ್ಞೂ, ನಿನಗೂ ಎರಡು ತರ್ತೀನಿ, ಕಿವ್ಯಾಗ ಹಾಕ್ಕೊ."

ನಿಜ ಬೇರೆ ಇತ್ತು. ದೇವದುರ್ಗದ ದಾರಿಯಲ್ಲೇ ಅವಳ ತವರೂರು. ರಸ್ತೆಗೆ ಮುಖ ಮಾಡಿದ ಮನೆ, ಮನೆಯ ಮುಂದೆ ಅವಳ ಅವ್ವ ನೆಟ್ಟ ಬೇವು. ಹೋಗುವಾಗ ಎಡಗಡೆಯ ಕಿಟಕಿಗೆ, ಬರುವಾಗ ಬಲಗಡೆಯ ಕಿಟಕಿಗೆ ಕೂತರೆ ಆ ಗಿಡ ಹತ್ತು ಉಸಿರಿನಷ್ಟು ಹೊತ್ತು ಕಾಣುತ್ತಿತ್ತು. ಅಷ್ಟಕ್ಕಾಗಿಯೇ ಆ ಪಯಣ. ಬದನೆಕಾಯಿ ಬರೀ ನೆಪ.

ಇಳಿಯುತ್ತಿರಲಿಲ್ಲ. ಎಂಟು ವರ್ಷದ ಹಿಂದೆ ಅವ್ವ ತೀರಿದಾಗ, ಸುದ್ದಿ ಮುಟ್ಟಿ ಮಾನ್ವಿಯಿಂದ ಓಡಿ ಬರುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು. ಮುಖ ಸಹ ನೋಡಲು ಸಿಗಲಿಲ್ಲ. ಆ ಸಂಕಟಕ್ಕೆ, ಅದೇ ಬೇವಿನ ಕೆಳಗೆ ನಿಂತು, "ಇವತ್ತಿಗೆ ನನ್ನ ತವರು ತೀರ್ತು" ಎಂದು ತಮ್ಮ ತಾಯಣ್ಣನ ಮುಖಕ್ಕೆ ಅಂದುಬಿಟ್ಟಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಮ್ಮ ಸೀಮೆಯಲ್ಲಿ ಪಂಚಮಿಗೆ ತವರಿನವರೇ ಬಂದು ಕರೆಯಬೇಕು. ಕರೆಯದೆ ಹೆಣ್ಣುಮಗಳು ಹೊಸ್ತಿಲು ತುಳಿಯುವುದಿಲ್ಲ. ಅವನು ಕರೆಯಲು ಬರಲಿಲ್ಲ, ಇವಳು ಹೋಗಲಿಲ್ಲ. ಎಂಟು ಪಂಚಮಿ ಹೀಗೇ ಕಳೆದವು.

ಅಷ್ಟರಲ್ಲಿ ಬೇವಿಗೆ ರೋಗ ಬಂತು. ಮಳೆಗಾಲ ಮುಗಿಯುವ ಹೊತ್ತಿಗೆ ರಾಯಚೂರಿನಿಂದ ಮಾನ್ವಿಯವರೆಗೆ ರಸ್ತೆಯ ಬೇವುಗಳೆಲ್ಲ ಬೆಂಕಿ ತಾಗಿದಂತೆ ತುದಿ ಕೆಂಪಾಗಿ ನಿಂತವು. ಆ ರೋಗದ ಮೇಲೆ ಸಂಶೋಧನೆ ಮಾಡುತ್ತಿದ್ದ ಶೈಲಶ್ರೀ ಮೇಡಂ, ಒಣಗದೆ ಉಳಿದ ಬೇವು ಎಲ್ಲಾದರೂ ಇದೆಯೇ ಎಂದು ಎಲ್ಲರನ್ನೂ ಕೇಳಿದರು.

"ಒಂದದರೀ," ಎಂದಳು ಗೋಪಮ್ಮ. ಹೀರಾಬಿ ಅವಳನ್ನೇ ನೋಡಿದಳು. ಬಂಗಾರದ ಬದನೆಕಾಯಿ ಎಲ್ಲಿದೆ ಎಂದು ಅವಳಿಗೆ ಅಂದು ತಿಳಿಯಿತು.

ಬೀಜ ತರಬೇಕೆಂದು ಮುಂಗಾರಿನ ಮೊದಲಿಗೆ ಜೀಪಿನಲ್ಲಿ ಹೋದರು. ಗಿಡ ಹಸಿರಾಗಿ ತುಂಬಿ ನಿಂತಿತ್ತು, ಆದರೆ ಒಂದು ಹಣ್ಣಿಲ್ಲ. ಊರಿನ ಉಳಿದ ಬೇವೆಲ್ಲ ಹೂ ಬಿಡದೆ ಹೋಗಿದ್ದರಿಂದ, ಯುಗಾದಿಯ ಬೇವು-ಬೆಲ್ಲಕ್ಕೆಂದು ಊರಿಗೆ ಊರೇ ಬಂದು ಇದೊಂದರ ಹೂವನ್ನು ಕೊನೆಯ ಗೊಂಚಲಿನ ತನಕ ಕಿತ್ತುಕೊಂಡು ಹೋಗಿತ್ತು.

"ಹಬ್ಬಕ್ಕ ಕೇಳಿದವರಿಗೆ ಬ್ಯಾಡ ಅನ್ನಾಕ ಬರತದೇನ್ರಿ?" ಎಂದ ತಾಯಣ್ಣ, ಮೇಡಂಗೆ ಹೇಳಿದರೂ ಅಕ್ಕನ ಕಡೆ ನೋಡುತ್ತಾ.

"ಬೀಜ ಇಲ್ಲದಿದ್ದರೂ ನಡೆಯುತ್ತದೆ," ಎಂದರು ಶೈಲಶ್ರೀ. "ಬೀಜದಿಂದ ಬಂದದ್ದು ಇದರ ಮಗಳು, ಅವ್ವನ ಗುಣ ಬಂದರೂ ಬಂತು, ಬರದಿದ್ದರೂ ಇಲ್ಲ. ಕಸಿ ಕಟ್ಟಿದರೆ ಇದೇ ಗಿಡ."

ತಾಯಣ್ಣನ ಹೆಂಡತಿ ತಂಬಿಗೆಯಲ್ಲಿ ನೀರು ತಂದು, "ಒಳಗ ಬರ್ರಿ," ಎಂದಳು. ಮೇಡಂ ಹೋದರು, ಡ್ರೈವರನೂ ಹೋದ. ಗೋಪಮ್ಮ ಅಂಗಳ ಬಿಟ್ಟು ಕದಲಲಿಲ್ಲ.

"ನಾ ಡ್ಯೂಟಿ ಮ್ಯಾಲ ಬಂದೀನಿ."

ತಾಯಣ್ಣ ಗಿಡ ಹತ್ತಿದ. ಎಂಟು ವರ್ಷದ ಮೇಲೆ ಅಕ್ಕ ತಮ್ಮನಿಗೆ ಆಡಿದ ಮೊದಲ ಮಾತು, "ಆ ಟೊಂಗಿ ಅಲ್ಲಲೇ, ಅದರ ಮ್ಯಾಲಿಂದು. ಗೇಣುದ್ದ ಕೊಯ್ಯಿ." ಅವಳು ಬೇಡವೆಂದ ಟೊಂಗೆಯ ಮೇಲೆ ಪಂಚಮಿಯ ಜೋಕಾಲಿ ಹಗ್ಗದ ಎರಡು ಗೀರುಗಳಿದ್ದವು. ತೊಗಟೆ ಬೆಳೆದು ಅವನ್ನು ಅರ್ಧ ಮುಚ್ಚಿತ್ತು. ಅದನ್ನು ಅವನೂ ನೋಡಿದ, ಇವಳೂ ನೋಡಿದಳು.

ಕಡ್ಡಿಗಳನ್ನು ಹಸಿ ಗೋಣಿಯಲ್ಲಿ ಸುತ್ತಿ, ಕೂಸಿನಂತೆ ಮಡಿಲಲ್ಲಿಟ್ಟುಕೊಂಡು ಬಂದಳು. ನಲವತ್ತು ಕಟ್ಟಿದಳು. ಹತ್ತಕ್ಕೆ ಎಂಟು ಚಿಗುರಿಸುವ ಕೈ ಅದು. ಈ ಸಲ ನಲವತ್ತರಲ್ಲಿ ಚಿಗುರಿದ್ದು ಮೂರೇ.

ಆ ಮೂರನ್ನು ಒಂದು ವರ್ಷ ಕಣ್ಣಲ್ಲಿಟ್ಟು ಬೆಳೆಸಿದ ಮೇಲೆ ಶೈಲಶ್ರೀ ಕಠಿಣ ಮಾತು ಹೇಳಿದರು. ಇನ್ನು ಇವಕ್ಕೆ ರೋಗ ಅಂಟಿಸಬೇಕು. ತವರಿನ ಗಿಡ ರೋಗವನ್ನು ತಡೆದು ಉಳಿದಿದೆಯೋ, ರೋಗವೇ ಇನ್ನೂ ಅದನ್ನು ಮುಟ್ಟಿಲ್ಲವೋ, ಅದಿಲ್ಲದೆ ಗೊತ್ತಾಗುವುದಿಲ್ಲ.

"ಒಂದು ಬೇಕಾದರೆ ನೀನಿಟ್ಟುಕೋ ಗೋಪಮ್ಮ. ಎರಡಕ್ಕೆ ಅಂಟಿಸುತ್ತೇನೆ."

ಗೋಪಮ್ಮ ಮೂರೂ ಕುಂಡಗಳನ್ನು ಒಂದೇ ಸಾಲಿಗೆ ಸರಿಸಿದಳು. "ಮೂರೂ ಒಂದ ಗಿಡ ಅಂತ ನೀವ ಹೇಳೀರಿ. ಎರಡು ಸತ್ತರ ಇದೊಂದನ್ನ ಮುಚ್ಚಿಟ್ಟು ಏನ್ ಮಾಡ್ಲಿ? ಅಲ್ಲಿ ನಮ್ಮವ್ವಂದೂ ಹೋದಂಗ. ಮೂರಕ್ಕೂ ಹಾಕ್ರಿ."

ಹಾಕಿದರು. ದಿನಾ ಮುಂಜಾನೆ ಬೇರೆ ಕೆಲಸಕ್ಕಿಂತ ಮೊದಲು ಅವಳು ಆ ಮೂರು ಕುಂಡಗಳ ಮುಂದೆ ಕೂರುವಳು. ಮೂರನೆಯ ವಾರ ತುದಿ ಕೆಂಪಾದವು. ಅಂದು ಅವಳು ಬುತ್ತಿ ಬಿಚ್ಚಲಿಲ್ಲ. ಕೆಂಪು ಬೆರಳಿನುದ್ದ ಇಳಿದು ಅಲ್ಲೇ ನಿಂತಿತು. ನಾಗರಪಂಚಮಿ ಹತ್ತಿರ ಬಂದಾಗ ಅದರ ಕೆಳಗೆ ಎಳ್ಳಿನಷ್ಟು ಕಣ್ಣು ಒಡೆದು ಚಿಗುರು ಬಂತು.

"ಗೆದ್ದಿತು ಅನ್ನಬೇಡ," ಎಂದರು ಶೈಲಶ್ರೀ. "ಇನ್ನೂ ಎರಡು ಮಳೆಗಾಲ ನೋಡಬೇಕು."

ಅದೇ ವಾರ ನರ್ಸರಿಯ ಗೇಟಿನಲ್ಲಿ ತಾಯಣ್ಣ ಬಂದು ನಿಂತ. ಟವೆಲಿನಲ್ಲಿ ಸುತ್ತಿದ ಕೆಂಪು ಎಲೆಯ ಟೊಂಗೆಯೊಂದನ್ನು ಬಿಚ್ಚಿ ತೋರಿಸಿದ.

"ಯಕ್ಕಾ, ನಮ್ಮ ಗಿಡಕ್ಕೂ ಬಂತು. ಬಂದು ನೋಡಬೇಕು ನೀನು."

ಗೋಪಮ್ಮ ಟೊಂಗೆ ಹಿಡಿದು, ಕೆಂಪಿನ ಕೆಳಗೆ ಉಗುರಿನಿಂದ ಗೀರಿದಳು. ಹಸಿಯಿತ್ತು. ತಮ್ಮನ ತಲೆ ಬೆಳ್ಳಗಾದದ್ದನ್ನು ಆಗ ನೋಡಿದಳು.

"ಗಿಡ ಕರದರ ಮೇಡಂ ಜೋಡಿ ಜೀಪಿನ್ಯಾಗ ಬರ್ತೀನಿ, ಅಂಗಳದಾಗ ನಿಂತು ನೋಡಿ ಹೋಗ್ತೀನಿ. ನೀ ಕರದರ ಬಸ್ಸಿಗೆ ಬರ್ತೀನಿ. ಯಾರು ಕರ್ಯಾಕ ಬಂದಾರ, ಹೇಳು."

ತಾಯಣ್ಣ ಟವೆಲು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ.

"ಜೋಕಾಲಿಗೆ ಹಗ್ಗ ತಂದೀನಿ," ಎಂದ ಕೊನೆಗೆ. "ಹ್ವಾದ ವರ್ಷಾನೂ ತಂದಿದ್ದೆ. ಕಟ್ಟಲಿಲ್ಲ. ಪಂಚಮಿಗೆ ಬಾ ಯಕ್ಕಾ."

ಮರುದಿನ ದೇವದುರ್ಗದ ಬಸ್ಸಿನಲ್ಲಿ ಎಡಗಡೆಯ ಕಿಟಕಿಗೆ ಗೋಪಮ್ಮ ಕೂತಿದ್ದಳು. ದೂರದಿಂದ ಬೇವಿನ ನೆತ್ತಿ ಕಂಡಿತು. ಅಲ್ಲಲ್ಲಿ ಕೆಂಪು, ಉಳಿದದ್ದು ಹಸಿರು. ಅದರ ಕೆಳಗೆ ದಾರಿ ನೋಡುತ್ತಾ ನಿಲ್ಲುತ್ತಿದ್ದ ಅವ್ವನ ಜಾಗ ಖಾಲಿಯಿತ್ತು. ಎಣಿಸುವ ರೂಢಿಯಂತೆ ಒಂದೊಂದೇ ಉಸಿರು ಎಣಿಸುತ್ತಾ ಬಂದಳು. ಆರಕ್ಕೆ ಎಣಿಕೆ ಬಿಟ್ಟು ಎದ್ದು, ಕಂಡಕ್ಟರನಿಗೆ ನಿಲ್ಲಿಸಲು ಹೇಳಿದಳು.