ಎಡಗೈಲೆ ಚೆಲ್ಲಿದ ಚರಗ

ಎಳ್ಳಮವಾಸಿಗೆ ನಮ್ಮ ಬಂಡ್ರಿ ಊರಿನ ಹೊಲ್ದಾಗ ಚರಗ ಚೆಲ್ಲಾಕಿ ನಾನೇ. ಮದುವಿಯಾಗಿ ಬಂದ ವರ್ಷನ ನಮ್ಮತ್ತಿ ಬುಟ್ಟಿ ನನ್ನ ಕೈಗೆ ಕೊಟ್ಟಿದ್ರು. ಸಜ್ಜಿ ರೊಟ್ಟಿ, ಪುಂಡಿ ಪಲ್ಯ, ಅನ್ನ ಎಲ್ಲಾ ಕಲಸಿ, ಭೂಮ್ತಾಯಿ ಉಣ್ಲಿ ಅಂತ ಜೋಳದ ಬೆಳಿಯಾಗ ಚೆಲ್ಕೋತ ಹೋಗೋದು. ಹಿಂದ ಒಬ್ರು ನೀರು ಚಿಮುಕಿಸ್ತಾರ.

ಹೋದ ಮಳಿಗಾಲ್ದಾಗ ನನಗ ಲಕ್ವ ಹೊಡೀತು. ಕಾಲು ಬಂತು, ಮಾತು ಬಂತು, ಬಲಗೈ ಬರ್ಲಿಲ್ಲ. ಹೊಸಪೇಟಿ ಡಾಕ್ಟ್ರು ಕೊಟ್ಟ ರಬ್ಬರ್ ಚೆಂಡು ಹಿಚುಕಿ ಹಿಚುಕಿ ಸಾಕಾತು. ಹಬ್ಬದ ಹಿಂದಿನ ದಿನ ಅತ್ತಿ ನನ್ನ ಮೈದುನನ ಹೆಂಡ್ತಿ ಕಡಿ ಕೈ ಮಾಡಿ ಅಂದ್ರು, "ಈ ಸಲ ನಿನ್ನ ನೆಗೆಣಿ ಚೆಲ್ಲಲಿ. ಎಡಗೈಲೆ ಚೆಲ್ಲಬಾರ್ದವ್ವ."

ನನಗ ಮೈಯೆಲ್ಲ ಉರೀತು. ಇವತ್ತು ಚರಗ ಬಿಟ್ರ ನಾಳಿ ಒಲಿ ಬಿಡು ಅಂತಾರ, ನಾಡಿದ್ದು ಮೂಲ್ಯಾಗ ಕುಂದ್ರು ಅಂತಾರ. ನಾನೇನು ಸತ್ತೀನೇನು? "ಇಷ್ಟು ವರ್ಷ ಎರಡೂ ಕೈಲೆ ಕಳೆ ಕಿತ್ತೀನಿ, ಆವಾಗ ಎಡಗೈ ಬ್ಯಾಡ ಅಂದ್ಲೇನ್ರಿ ಭೂಮ್ತಾಯಿ?" ಅಂದೆ. ನಮ್ಮ ಮನಿಯವ್ರು ಟ್ರ್ಯಾಕ್ಟರ್ ನೋಡ್ತೀನಿ ಅಂತ ಮೆಲ್ಲಕ ಹೊರಗ ಜಾರಿದ್ರು. ಜಗಳ ಅಂದ್ರ ಅವ್ರು ಯಾವಾಗ್ಲೂ ಹಂಗ.

ಮರುದಿನ ಹೊಲ್ದಾಗ ಭಜನಿ ಮಂದಿ ದಮ್ಮಡಿ ಬಡಿಯಾಕ ಹತ್ತಿದ್ರು. ನಾನು ನೆಗೆಣಿಗೆ, "ಬುಟ್ಟಿ ನನ್ನ ಸೊಂಟಕ್ಕ ಕಟ್ಟು" ಅಂದೆ. ಆಕಿ ಅತ್ತಿ ಕಡಿ ನೋಡಿದ್ಲು, ನನ್ನ ಮಾರಿ ನೋಡಿದ್ಲು, ಕಟ್ಟಿದ್ಲು. ನೀರಿನ ತಂಬಿಗಿನೂ ಆಕಿನ ಹಿಡಿದ್ಲು.

ಹುಲ್ಲುಲ್ಲಿಗೋ ಅಂತ ಕೂಗಿ ಚೆಲ್ಲಿದ ಮೊದಲ್ನೇ ಹಿಡಿ ನನ್ನ ಕಾಲ್ಮ್ಯಾಲೆ ಬಿತ್ತು. ಯಾರೋ ನಕ್ರು. ನಗ್ಲಿ ಬಿಡು, ಅವ್ರ ಹಲ್ಲು ಅವ್ರವು. ಮೂರನೇ ಮೂಲಿಗೆ ಹೋಗೋದ್ರಾಗ ಕೈಗೆ ರೂಢಿಯಾತು, ಅನ್ನ ಜೋಳದ ತೆನಿ ದಾಟಿ ಬೀಳಾಕ ಹತ್ತಿತು. ಅತ್ತಿ ಮಾತ್ರ ಬೇವಿನ ಗಿಡದ ಕೆಳಗ ಆ ಕಡಿ ಮಾರಿ ಮಾಡಿ ಕುಂತಿದ್ರು.

ಉಣ್ಣಾಕ ಎಲ್ಲಾರೂ ಸಾಲಾಗಿ ಕುಂತ್ರು. ಬಡಿಸೋದೂ ನಾನೇ ಅಂತ ಹಟ ಹಿಡಿದೆ. ನಮ್ಮ ಸಣ್ಣ ಮಾವ ನನ್ನ ಎಡಗೈಯಾಗಿನ ಸೌಟು ನೋಡಿ, "ನನಗ ಈಗ ಬ್ಯಾಡ, ಆಮ್ಯಾಲೆ ಉಣ್ತೀನಿ" ಅಂತ ಗಂಗಾಳ ಹಿಂದಕ್ಕ ಎಳ್ಕಂಡ್ರು. ಆದ್ರೂ ಸೌಟು ಕೆಳಗಿಡ್ಲಿಲ್ಲ. ಸಾಲಿನಾಗ ಮುಂದ ಅತ್ತಿನೇ ಕುಂತಿದ್ರು. ನೆಗೆಣಿ ಓಡಿ ಬಂದು ಸೌಟಿಗೆ ಕೈ ಚಾಚಿದ್ಲು.

ಅತ್ತಿ ಆಕಿ ಕೈ ಸರಿಸಿದ್ರು. ತಮ್ಮ ಗಂಗಾಳ ಎತ್ತಿ ನನ್ನ ಎಡಗೈ ಕೆಳಗ ಹಿಡಿದು, "ಹಾಕವ್ವ, ಹಸಿವಾಗೈತಿ" ಅಂದ್ರು.