ಹುಲಿ ಮೇಲಿನ ಮಾದಪ್ಪನ ಕ್ಯಾಸೆಟ್ಟು

ಮೊನ್ನೆ ಟ್ರಂಕು ಒರೆಸುವಾಗ ಹಳೆಯ ಕ್ಯಾಸೆಟ್ ಡಬ್ಬಿಯೊಂದು ಸಿಕ್ಕಿತು. ಒಳಗಿನ ಕಾಗದದ ಮೇಲೆ ಹುಲಿ ಏರಿದ ಮಾದಪ್ಪ. ಹುಲಿಯ ಹಳದಿ ಇನ್ನೂ ಮಾಸಿಲ್ಲ.

ಇದನ್ನು ಅಜ್ಜಿ ತಾಳವಾಡಿಯಲ್ಲಿ ಪಟ ನೋಡಿಯೇ ಕೊಂಡಿದ್ದಳು. ದೇವರ ಕ್ಯಾಸೆಟ್ಟುಗಳಲ್ಲಿ ಪಟ ದೊಡ್ಡದು, ಅಕ್ಷರ ಚಿಕ್ಕದು. ಅಜ್ಜಿಯಂತೆ ಓದಲು ಬಾರದವರೇ ಅವನ್ನು ಹೆಚ್ಚು ಕೊಳ್ಳುತ್ತಿದ್ದರು. ಟೇಪಿನಲ್ಲಿ ಮಾದಪ್ಪನ ಪದ ಹಾಕಿಸುವ ಮೊದಲು ಅಜ್ಜಿ ಡಬ್ಬಿಯನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದಳು.

ಚಿಕ್ಕಪ್ಪನ ಸಿನಿಮಾ ಕ್ಯಾಸೆಟ್ಟುಗಳನ್ನು ನಾನು ಮುಟ್ಟಿದರೆ ಬೈಗುಳ. ಒಂದು ದಿನ ಅವುಗಳಲ್ಲೊಂದನ್ನು ಕದ್ದು ಮಾದಪ್ಪನ ಡಬ್ಬಿಯಲ್ಲಿ ಬಚ್ಚಿಟ್ಟೆ. ಮಾದಪ್ಪನದನ್ನು ಬಟ್ಟೆಯ ನಡುವೆ ತುರುಕಿದೆ. ಆ ಪಟ ನೋಡಿದ ಮೇಲೆ ಚಿಕ್ಕಪ್ಪ ಡಬ್ಬಿ ತೆರೆದು ಹುಡುಕುವುದಿಲ್ಲವೆಂದು ನನಗೆ ಗೊತ್ತಿತ್ತು.

ಸೋಮವಾರ ಪಕ್ಕದ ಮನೆಯ ಪೂಜೆಗೆ ಅಜ್ಜಿ ಅದನ್ನೇ ಒಯ್ದಳು. ಮಂಗಳಾರತಿಯ ಹೊತ್ತಿಗೆ ಸರಿಯಾಗಿ ಟೇಪ್ ರೆಕಾರ್ಡರಿನಿಂದ ಗಂಡು ಹೆಣ್ಣಿನ ಪ್ರೇಮದ ಹಾಡು ಹೊರಟಿತು.

“ಏನಜ್ಜೀ, ಮಾದಪ್ಪ ಯಾವಾಗ್ನಿಂದ ಸಿನಿಮಾಕ್ ಸೇರ್ಕಂಡ?” ಎಂದಳು ಆ ಮನೆಯಾಕೆ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಅಜ್ಜಿ ಗಲ್ಲ ಗಲ್ಲ ಬಡಿದುಕೊಂಡಳು. “ತಪ್ಪಾಯ್ತು ಕಣಪ್ಪ ಮಾದೇವ. ಯಾವ್ದುನ್ನ ಯಾವ್ ಡಬ್ಬೀಗ್ ಆಕ್ಬುಟ್ನೋ, ಅರುಳುಮರುಳು ನಂಗೆ.”

ನಾನು ಬಾಗಿಲ ಹಿಂದೆ ನಿಂತಿದ್ದೆ. ಆ ರಾತ್ರಿ ಎರಡು ಕ್ಯಾಸೆಟ್ಟನ್ನೂ ಮೊದಲಿನ ಜಾಗಕ್ಕೇ ಇಟ್ಟೆ.

ಅಂದಿನಿಂದ ಅಜ್ಜಿ ಪಟ ನಂಬುವುದನ್ನು ಬಿಟ್ಟಳು. ಕ್ಯಾಸೆಟ್ಟನ್ನು ಹೊರತೆಗೆದು ಪ್ರತಿ ಸಲವೂ ನನ್ನ ಕೈಗೇ ಕೊಡುತ್ತಿದ್ದಳು. “ನೀನು ಓದ್ದೋಳು. ಮಾದಪ್ಪಂದೇಯಾ ನೋಡವ್ವ.”

ನಾನು ಓದಿದ್ದು ನಾಲ್ಕನೇ ಕ್ಲಾಸು. ಅಜ್ಜಿ ಇರುವವರೆಗೂ ಕ್ಯಾಸೆಟ್ಟಿನ ಮೇಲಿನ ಅಷ್ಟು ಅಕ್ಷರವನ್ನು ಓದಿ ಹೇಳಿದೆ. ಡಬ್ಬಿ ಬದಲಿಸಿದವಳು ನಾನೆಂದು ಮಾತ್ರ ಹೇಳಲಿಲ್ಲ. ಇವತ್ತು ಇಲ್ಲಿ ಬರೆಯುತ್ತಿದ್ದೇನೆ, ಕೇಳಿಸಿಕೊಳ್ಳಬೇಕಾದವಳು ಇಲ್ಲ.