ಮೂರು ಗಂಟಿನ ಕೆಂಪು ದಾರ

ನಮ್ಮ ಕಾಲೇಜಿನ ಸಸ್ಯಶಾಸ್ತ್ರ ಲ್ಯಾಬಿನ ಅಟೆಂಡರ ಹೆಬ್ಬೆರಳು, ತೋರುಬೆರಳು ಸದಾ ಬೆಳ್ಳಗಿರುತ್ತಿದ್ದವು. ಆಲೂಗಡ್ಡೆ ಕೊಯ್ದಾಗ ಅಂಟುವ ಹಿಟ್ಟು ಅದು. ಎಪ್ಪತ್ತರ ದಶಕದ ಬಳ್ಳಾರಿಯಲ್ಲಿ ನಾನು ಬಿ.ಎಸ್ಸಿ. ಓದುವಾಗ, ಸಸ್ಯದ ಕೋಶಗಳ ಒಳಗೂ ಹೊರಗೂ ನೀರು ಹೇಗೆ ಹರಿಯುತ್ತದೆಂದು ನೋಡಲು ಆಲೂಗಡ್ಡೆಯನ್ನು ಕಡ್ಡಿ ಕಡ್ಡಿಯಾಗಿ ಕೊಯ್ದು ಕೊಡುತ್ತಿದ್ದವರು ಅವರೇ.

ಪಾಠ ಲೆಕ್ಚರರದು, ತಲೆಗೆ ಹತ್ತಿದ್ದು ಇವರ ಮಾತು. ಸಕ್ಕರೆ ನೀರಿನಲ್ಲಿಟ್ಟ ಕಡ್ಡಿ ಜೋತುಬಿದ್ದರೆ, "ನೋಡವ್ವ, ನೀರಿಗೆ ಸುಮ್ನ ಕುಂದ್ರಾಕ ಬರಂಗಿಲ್ಲ. ಹೊರಗ ಸಕ್ರಿ ಜಾಸ್ತಿ ಆತಂದ್ರ ಒಳಗಿಂದು ಎದ್ದು ನಡೀತು" ಎನ್ನುತ್ತಿದ್ದರು. ಬರೀ ನೀರಿನಲ್ಲಿಟ್ಟದ್ದು ಬಿಗಿದು ನಿಂತರೆ, "ಇದು ತವರಮನಿಗೆ ಹೋಗಿ ಉಂಡು ಬಂದೈತಿ."

ಅವರಿಗೆ ಓದು ಬಾರದು. ಅದಕ್ಕೇ ಬಾಟಲಿಯ ಕುತ್ತಿಗೆಗೆ ಕೆಂಪು ದಾರ ಕಟ್ಟುತ್ತಿದ್ದರು. ಗಂಟು ಹೆಚ್ಚಿದಷ್ಟೂ ಸಕ್ಕರೆ ಹೆಚ್ಚು. ದಾರವಿಲ್ಲದ್ದು ಬರೀ ನೀರು. ಇದು ನಮಗೆಲ್ಲ ಗೊತ್ತಿತ್ತು.

ಕೊನೆಯ ವರ್ಷದ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಉತ್ತರದ ಹಾಳೆ ಕಟ್ಟಲು ನನಗೆ ದಾರ ಸಿಗಲಿಲ್ಲ. ಪರೀಕ್ಷಕರನ್ನು ಕೇಳಲು ಹೆದರಿ, ಮೇಜಿನ ಮೇಲಿದ್ದ ಬಾಟಲಿಯೊಂದರ ಮೂರು ಗಂಟಿನ ದಾರ ಬಿಚ್ಚಿ ಹಾಳೆ ಕಟ್ಟಿಕೊಟ್ಟೆ. ನನ್ನ ಪ್ರಯೋಗ ಮುಗಿದಿತ್ತಲ್ಲ, ಮುಂದಿನವರ ನೆನಪೇ ಬರಲಿಲ್ಲ. ಮುಂದಿನ ತಂಡಕ್ಕೆ ಅಟೆಂಡರು ಆ ಬಾಟಲಿಯನ್ನು ಬರೀ ನೀರೆಂದೇ ಹಂಚಿದರು. ಬಿಗಿಯಬೇಕಿದ್ದ ಕಡ್ಡಿಗಳೆಲ್ಲ ಜೋತುಬಿದ್ದವು.

ಬಾಗಿಲಾಚೆ ನಿಂತಿದ್ದ ನನಗೆ ಪರೀಕ್ಷಕರ ಕೂಗು ಕೇಳಿತು: "ಓದಾಕ ಬರದವನ ಕೈಯಾಗ ಲ್ಯಾಬ್ ಯಾಕ ಕೊಟ್ರಿ?"

"ದಾರ ಕಟ್ಟಿದ್ನಿರಿ ಸಾಹೇಬ್ರ," ಎಂದು ಇವರು ಎರಡು ಸಲ ಹೇಳಿದರು. ಯಾರೂ ನಂಬಲಿಲ್ಲ. ನಾನೊಂದು ಮಾತಾಡಿದ್ದರೆ ಸಾಕಿತ್ತು. ಫೇಲು ಮಾಡಿಯಾರೆಂದು ಹೆದರಿ, ಬಾಯಿಗೆ ಬೀಗ ಹಾಕಿಕೊಂಡು ನಮ್ಮೂರು ಸಿರುಗುಪ್ಪದ ಬಸ್ಸು ಹತ್ತಿದೆ. ಆಮೇಲೆ ಅವರನ್ನು ಲ್ಯಾಬಿನಿಂದ ತೆಗೆದು ಅಂಗಳ ಗುಡಿಸಲು ಹಾಕಿದರು.

ಅಂಕಪಟ್ಟಿ ತರಲು ಹೋದಾಗ ಪೊರಕೆ ಹಿಡಿದು ಎದುರಾದರು.

"ಪಾಸಾದ್ಯೇನವ್ವ?"

ತಲೆಯಾಡಿಸಿದೆ.

"ಚಲೋ ಆತು. ಅವತ್ತು ಸಂಜಿಕ ಪೇಪರೆಲ್ಲ ಕೂಡಿಸಿ ಕಟ್ಟಿದಾಂವ ನಾನ. ನನ್ನ ದಾರ, ನೀ ತಗದ ಚಿತ್ರ ನನಗ ಗುರ್ತು ಸಿಗಂಗಿಲ್ಲೇನು? ಹೇಳಿದ್ರ ನಿನ್ನ ವರ್ಷ ಹೋಗತಿತ್ತು."

ಅಷ್ಟು ಹೇಳಿ ಗುಡಿಸತೊಡಗಿದರು. ಬೆರಳುಗಳ ಬಿಳುಪು ಹೋಗಿತ್ತು. ಕ್ಷಮಿಸಿ ಎಂದೂ ಹೇಳದೆ ನಾನು ಆಫೀಸಿನ ಕಡೆ ನಡೆದೆ. ಕೆಲವು ವರ್ಷಗಳ ಮೇಲೆ ಅವರು ಕುರುಗೋಡಿನ ತಮ್ಮ ಮನೆಯಲ್ಲಿ ತೀರಿಕೊಂಡರೆಂದು ಕೇಳಿದೆ.

ಅಷ್ಟರಲ್ಲಿ ನಾನೂ ಅದೇ ಪಾಠ ಮಾಡುವ ಟೀಚರಾಗಿದ್ದೆ. ಆಲೂಗಡ್ಡೆ ಕೊಯ್ಯುತ್ತ ಪ್ರತಿ ವರ್ಷ ಮಕ್ಕಳಿಗೆ ಅವರ ದಾರದ ಕಥೆ ಹೇಳುತ್ತಿದ್ದೆ. ಬಿಚ್ಚಿದವರು ಯಾರು ಟೀಚರ್ ಎಂದು ಕೇಳಿದರೆ, "ಯಾರೋ ಒಬ್ಬ ಹುಡುಗಿ" ಎಂದೇ ಹೇಳುತ್ತ ನಿವೃತ್ತಳಾದೆ.